ರೈಫಲ್ ಸಂಘ: ಮುಂಬಯಿಯೋ, ಬೆಂಗಳೂರೋ?

ಅಕ್ಕಲಕೋಟ ತಾಲೂಕಿನ ಗಡಿ ಊರೊಂದರ ಕಿರಾಣಿ ಅಂಗಡಿಯವರ ಮನೆಯಲ್ಲಿ ಒಂದು ರವಿವಾರ ಹಿರಿಯರ ಬೈಠಕ್ ಸೇರಿತ್ತು. ಮದುವೆ ಮಾತುಕತೆಯಲ್ಲ, ಹೊಲದ ವಾಟ್ನಿಯೂ ಅಲ್ಲ. ಮನೆಯ ಮಗಳು, ಕನ್ನಡ ಮಾಧ್ಯಮದ ಒಂಬತ್ತನೆಯ ಇಯತ್ತೆಯ ಹುಡುಗಿ, ಎನ್‌ಸಿಸಿ ಕ್ಯಾಂಪಿನಲ್ಲಿ ಬಂದೂಕು ಹೊಡೆದು ಬಂದಿದ್ದಳು. ಹೊಡೆದ ಐದೂ ಗುಂಡು ಒಂದು ಹಳೇ ರೂಪಾಯಿಯಷ್ಟು ಜಾಗದಲ್ಲಿ ಬಿದ್ದಿದ್ದವು. ಕಲಿಸಿದ ಹವಾಲ್ದಾರರು ಆ ಗುರಿ ಕಾಗದವನ್ನು ಆಕೆಯ ಕೈಗೇ ಕೊಟ್ಟು, ಇವಳನ್ನು ಶೂಟಿಂಗಿಗೆ ಹಾಕಿರಿ ಎಂದು ಮನೆಗೆ ಹೇಳಿ ಕಳಿಸಿದ್ದರು.

ಹಾಕೋದು ಖರೆ, ಆದರೆ ಎಲ್ಲಿ? ಬೈಠಕ್ ಕೂತದ್ದು ಇದಕ್ಕೇ.

ಇಂಡಿಯಿಂದ ಬಂದಿದ್ದ ಸೋದರಮಾವ ಮೊದಲು ಬಾಯಿ ತೆರೆದರು. "ನಮ್ಮ ಮನೀ ಪತ್ತಾ ಕೊಡೂಣು. ಕರ್ನಾಟಕದಾಗ ಹಾಕ್ರಿ. ಮಹಾರಾಷ್ಟ್ರದಾಗ ಪೈಪೋಟಿ ಭಾಳ ಐತಿ, ನಮ್ಮ ಕಡೆ ಲಗೂನ ಮ್ಯಾಲ ಬರ್ತಾಳ. ಅದೂ ಅಲ್ಲದ ಕನ್ನಡದ ಹುಡುಗಿ ಕನ್ನಡ ನಾಡಿಗೇ ಆಡ್ಲಿ." ಸೋಲಾಪುರದಲ್ಲಿ ನೌಕರಿ ಮಾಡುವ ಕಾಕಾ ಒಪ್ಪಲಿಲ್ಲ. "ರೇಶನ್ ಕಾರ್ಡ್ ಇಲ್ಲಿದು, ಸಾಲಿ ದಾಖಲಾ ಇಲ್ಲಿದು, ಆಟ ಮಾತ್ರ ಅಲ್ಲಿದ್ಹೆಂಗ್ರಿ?" ಮೂರನೆಯವರು ಮನೆಯವರಲ್ಲ, ಪರಿಚಯದವರ ಪರಿಚಯದವರು. ಅವರ ಕೈಯಲ್ಲಿ ಬಣ್ಣದ ಪಾವತಿ ಪುಸ್ತಕವಿತ್ತು. ಅದರ ಮೇಲೆ ಅಖಿಲ ಭಾರತ, ರಾಷ್ಟ್ರೀಯ, ಫೆಡರೇಶನ್ ಎಂಬ ಮೂರೂ ಶಬ್ದಗಳಿದ್ದವು. ಜಿಲ್ಲೆ ಬೇಡ, ರಾಜ್ಯ ಬೇಡ, ನೇರ ನ್ಯಾಷನಲ್ ಆಡಿಸುತ್ತೇವೆ, ಫೀ ಇಷ್ಟು, ಮೆಡಲ್ ಖಾತ್ರಿ ಅಂದರು.

ಅಪ್ಪ ಮೂವರಿಗೂ ಚಹಾ ಕೊಟ್ಟು ಕಳಿಸಿದರು. ಹುಡುಗಿಗೆ ಯಾರೂ ಏನೂ ಕೇಳಲಿಲ್ಲ ಅನ್ನೋದು ಬೇರೆ ಮಾತು.

ಇದು ಒಂದು ಮನೆಯ ಕಥೆಯಲ್ಲ. ಜತ್ತ, ಉಮದಿ, ಮೈಂದರ್ಗಿ, ದುಧನಿ, ದಕ್ಷಿಣ ಸೋಲಾಪುರದ ಕನ್ನಡ ಮನೆಗಳಲ್ಲಿ ಮಕ್ಕಳು ಆಟದಲ್ಲಿ ಸ್ವಲ್ಪ ಮುಂದೆ ಬಂದ ಕೂಡಲೇ ಏಳುವ ಪ್ರಶ್ನೆ ಇದು. 2024ರ ಆಗಸ್ಟ್ 1ರಂದು ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್‌ನಲ್ಲಿ 451.4 ಅಂಕ ಗಳಿಸಿ ಕಂಚು ಗೆದ್ದ ಮೇಲೆ ಈ ಭಾಗದಲ್ಲಿ ಬಂದೂಕಿನ ಆಟಕ್ಕೆ ಬೆಲೆ ಬಂತು. ಆತ ಕೊಲ್ಲಾಪುರ ಜಿಲ್ಲೆಯ ಕಾಂಬಳವಾಡಿಯವನು. ಅಪ್ಪ ಶಾಲಾ ಮಾಸ್ತರ, ಅವ್ವ ಊರ ಸರಪಂಚ. ಅರಮನೆಯವರ, ಶ್ರೀಮಂತರ ಆಟ ಎಂದು ದೂರದಿಂದ ನೋಡುತ್ತಿದ್ದವರಿಗೆ ಮಾಸ್ತರರ ಮಗನೂ ಮಾಡಬಹುದು ಅನ್ನೋದು ತಿಳಿಯಿತು. ಆಸೆ ಹುಟ್ಟಿದಲ್ಲಿ ಪಾವತಿ ಪುಸ್ತಕದವರೂ ಹುಟ್ಟುತ್ತಾರೆ. ಹೀಗಾಗಿ ಬಾಗಿಲು ಯಾವುದು ಎಂದು ಮೊದಲೇ ತಿಳಿದಿರೋದು ಛಲೋ.

ಮೊದಲಿಗೆ ಆ ಮೂರನೆಯವರ ಮಾತು ಮುಗಿಸೋಣ, ಅದಕ್ಕೆ ಹೆಚ್ಚು ಹೊತ್ತು ಬೇಡ.

ಭಾರತದಲ್ಲಿ ಶೂಟಿಂಗ್ ಕ್ರೀಡೆಗೆ ಮಾನ್ಯತೆ ಇರುವ ರಾಷ್ಟ್ರೀಯ ಸಂಘ ಒಂದೇ: ನ್ಯಾಷನಲ್ ರೈಫಲ್ ಅಸೋಸಿಯೇಷನ್ ಆಫ್ ಇಂಡಿಯಾ, ಅಂದರೆ ಎನ್‌ಆರ್‌ಎಐ. 1951ರಲ್ಲಿ ಶುರುವಾಯಿತು. ಲೋಕಸಭೆಯ ಮೊದಲ ಸ್ಪೀಕರ್ ಗ. ವಾ. ಮಾವಳಂಕರ ಅದರ ಮೊದಲ ಅಧ್ಯಕ್ಷರು. ಇವತ್ತಿಗೂ ಹೊಸ ಶೂಟರ್‌ಗಳು ರಾಷ್ಟ್ರೀಯ ಮಟ್ಟಕ್ಕೆ ಹತ್ತುವ ಮೆಟ್ಟಿಲಿಗೆ ಅವರದೇ ಹೆಸರು, ಅಖಿಲ ಭಾರತ ಜಿ. ವಿ. ಮಾವಳಂಕರ ಶೂಟಿಂಗ್ ಸ್ಪರ್ಧೆ. ಒಲಿಂಪಿಕ್ಸ್ ಇರಲಿ, ಏಷ್ಯನ್ ಗೇಮ್ಸ್ ಇರಲಿ, ಭಾರತದ ಶೂಟಿಂಗ್ ತಂಡ ಹೋಗೋದು ಎನ್‌ಆರ್‌ಎಐ ಮೂಲಕ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯೂ ಒಂದು ಆಟಕ್ಕೆ ಒಂದೇ ರಾಷ್ಟ್ರೀಯ ಸಂಸ್ಥೆ ಅನ್ನೋ ಲೆಕ್ಕದ ಮೇಲೇ ನಿಂತಿದೆ.

ಮೊಬೈಲಿನಲ್ಲಿ ಹುಡುಕಿ ಅಮೆರಿಕದ ಸಂಘದ ಕಾಗದ ಓದಿ ತಲೆ ಕೆಡಿಸಿಕೊಂಡ ಪಾಲಕರೂ ಇದ್ದಾರೆ. ಅಲ್ಲಿನ ಎನ್‌ಆರ್‌ಎ 1871ರಲ್ಲಿ ಹುಟ್ಟಿದ್ದು, ಬಂದೂಕು ಇಟ್ಟುಕೊಳ್ಳುವ ಹಕ್ಕಿನ ರಾಜಕಾರಣದಲ್ಲಿ ಮುಳುಗಿದ ಸಂಸ್ಥೆ. ಅಲ್ಲಿ ಒಲಿಂಪಿಕ್ ತಂಡ ನೋಡಿಕೊಳ್ಳುವುದು ಯುಎಸ್‌ಎ ಶೂಟಿಂಗ್ ಎಂಬ ಬೇರೆ ಸಂಸ್ಥೆ. ಅಲ್ಲಿಯವರು ಯಾವ ಸಂಘ ಸೇರೋಣ ಎಂದು ನಾಕು ಕಡೆ ನೋಡಬಹುದು. ಇಲ್ಲಿ ಆ ತಾಪತ್ರಯವಿಲ್ಲ. ಹೆಸರು ಹತ್ತಿರ ಹತ್ತಿರ ಇದ್ದರೂ ಒಂದಕ್ಕೊಂದು ಸಂಬಂಧವಿಲ್ಲ.

ಹಾಗಾದರೆ ಪಾವತಿ ಪುಸ್ತಕದವರ ಮೆಡಲ್ ಏನಾಗುತ್ತದೆ? ಗೋಡೆಗೆ ತೂಗಬಹುದು. ಮಹಾರಾಷ್ಟ್ರ ಸರಕಾರಿ ನೌಕರಿಯಲ್ಲಿ ಆಟಗಾರರಿಗೆ ಶೇ. 5 ಮೀಸಲಾತಿ ಇದೆ. ಹತ್ತನೆಯ ಪರೀಕ್ಷೆಯಲ್ಲಿ ಕ್ರೀಡಾ ಗುಣ ಸಿಗುತ್ತವೆ. ಈ ಎರಡಕ್ಕೂ ಕಾಗದದ ಪಡತಾಳಣಿ ಆಗುತ್ತದೆ. ನೌಕರಿಯ ಕಾಗದ ಕ್ರೀಡಾ ಖಾತೆಯ ವಿಭಾಗೀಯ ಉಪಸಂಚಾಲಕರ ಕಚೇರಿ ತನಕ ಹೋಗುತ್ತದೆ. ಮಾನ್ಯತೆ ಇಲ್ಲದ ಸಂಸ್ಥೆಯ "ರಾಷ್ಟ್ರೀಯ ಸುವರ್ಣ" ಅಲ್ಲಿ ಕಾಗದದ ಚೂರು. ಹುಡುಗರು ಅದನ್ನು ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ, ಪೊಲೀಸ್ ಭರತಿಯ ಸಾಲಿನಲ್ಲಿ ನಿಂತಾಗ ತಿಳಿದುಕೊಳ್ಳುತ್ತಾರೆ. ಅಷ್ಟೊತ್ತಿಗೆ ಫೀ ತಗೊಂಡವರ ಫೋನ್ ಹತ್ತುವುದಿಲ್ಲ. ಆದ್ದರಿಂದ ಯಾರೇ ಬಂದು ನ್ಯಾಷನಲ್ ಅಂದರೂ ಪಾಲಕರು ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಜಿಲ್ಲಾ ಸಂಘ ಯಾವ ರಾಜ್ಯ ಸಂಘಕ್ಕೆ ಸೇರಿದೆ, ಆ ರಾಜ್ಯ ಸಂಘ ಎನ್‌ಆರ್‌ಎಐದಲ್ಲಿ ಇದೆಯೇ? ಉತ್ತರ ಸುತ್ತಿ ಬಳಸಿ ಬಂದರೆ ಚಹಾ ಕೊಟ್ಟು ಕಳಿಸಬಹುದು.

ಸೋದರಮಾವನ ಲೆಕ್ಕ

ಕಷ್ಟದ್ದು ಸೋದರಮಾವನ ಮಾತು. ಅದರಲ್ಲಿ ಮೋಸವಿಲ್ಲ, ಪ್ರೀತಿ ಇದೆ. ಆದರೆ ಲೆಕ್ಕ ತಪ್ಪಿದೆ.

ಕಬಡ್ಡಿ, ಕ್ರಿಕೆಟ್, ಖೋಖೋದಲ್ಲಿ ರಾಜ್ಯ ತಂಡದಲ್ಲಿ ಜಾಗ ಇಷ್ಟೇ ಎಂದು ಇರುತ್ತದೆ. ಹನ್ನೆರಡು ಮಂದಿ ಅಂದರೆ ಹನ್ನೆರಡೇ. ಅಲ್ಲಿ ಪೈಪೋಟಿ ಕಡಿಮೆ ಇರುವ ರಾಜ್ಯ ಹುಡುಕಿಕೊಂಡು ಹೋಗುವವರಿಗೆ ಒಂದು ಕಾರಣವಾದರೂ ಇದೆ. ಶೂಟಿಂಗ್ ಹಾಗಲ್ಲ. ಇಲ್ಲಿ ಮುಂದಿನ ಮೆಟ್ಟಿಲಿಗೆ ಏರಿಸುವುದು ಅಂಕ. ರಾಷ್ಟ್ರೀಯ ಸ್ಪರ್ಧೆಗೆ ಕನಿಷ್ಠ ಅರ್ಹತಾ ಅಂಕ ಎಂದು ಎನ್‌ಆರ್‌ಎಐ ನಿಗದಿ ಮಾಡಿರುತ್ತದೆ, ಆಟಗಾರರ ಬಾಯಲ್ಲಿ ಅದು ಎಂಕ್ಯುಎಸ್. ಆ ಅಂಕ ಮಹಾರಾಷ್ಟ್ರದವರಿಗೆ ಒಂದು, ಕರ್ನಾಟಕದವರಿಗೆ ಇನ್ನೊಂದು ಇಲ್ಲ. ರಾಜ್ಯ ಸ್ಪರ್ಧೆಯಲ್ಲಿ ಹತ್ತನೆಯ ಸ್ಥಾನ ಬಂದರೂ ಅಂಕ ಮುಟ್ಟಿದರೆ ಮುಂದೆ ದಾರಿ ಉಂಟು. ಮೊದಲ ಸ್ಥಾನ ಬಂದು ಅಂಕ ಮುಟ್ಟದಿದ್ದರೆ ಮೆಡಲ್ ಕೊರಳಲ್ಲೇ ಉಳಿಯುತ್ತದೆ. ಭಾರತ ತಂಡದ ಆಯ್ಕೆಯೂ ಟ್ರಯಲ್ಸ್‌ನಲ್ಲಿ ಹೊಡೆದ ಅಂಕಗಳ ಮೇಲೆ.

10 ಮೀಟರ್ ಏರ್ ರೈಫಲ್‌ನ ಹತ್ತರ ಗುರಿ ಎಷ್ಟು ದೊಡ್ಡದು ಗೊತ್ತೇ? ಅರ್ಧ ಮಿಲಿಮೀಟರಿನ ಚುಕ್ಕೆ. ಪೆನ್ನಿನ ಮೊನೆ ಕಾಗದಕ್ಕೆ ತಾಗಿಸಿ ತೆಗೆದಷ್ಟು. ಅದಕ್ಕೆ 60 ಸಲ ಹೊಡೆಯಬೇಕು. 2018ಕ್ಕೆ ಮುಂಚೆ ಹೆಣ್ಣುಮಕ್ಕಳಿಗೆ 40 ಇತ್ತು, ಈಗ ಗಂಡು ಹೆಣ್ಣು ಇಬ್ಬರಿಗೂ 60. ಚುಕ್ಕೆ ಬೆಂಗಳೂರಿನಲ್ಲೂ ಅಷ್ಟೇ, ಪುಣೆಯಲ್ಲೂ ಅಷ್ಟೇ. ಅದು ಕನ್ನಡ, ಮರಾಠಿ ಎಂದು ನೋಡುವುದಿಲ್ಲ.

ಅಂದಮೇಲೆ ಸುಳ್ಳು ಪತ್ತೆ ಕೊಟ್ಟು ಗಡಿ ದಾಟುವುದರಿಂದ ಸಿಗುವ ಲಾಭ ಏನು? ರಾಜ್ಯ ಮಟ್ಟದ ಮೆಡಲ್ ಸ್ವಲ್ಪ ಸುಲಭ ಆಗಬಹುದು, ಅದೂ ಖಾತ್ರಿ ಇಲ್ಲ. ಕರ್ನಾಟಕವೇನೂ ಹಿಂದೆ ಬಿದ್ದ ರಾಜ್ಯವಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು, 2016ರಲ್ಲಿ ರಿಯೋ ಒಲಿಂಪಿಕ್ಸ್‌ಗೆ ಹೋದರು. ದಿವ್ಯಾ ಟಿ. ಎಸ್. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸರಬ್‌ಜೋತ್ ಸಿಂಗ್ ಜತೆ ಮಿಶ್ರ ತಂಡದ ಬೆಳ್ಳಿ ತಂದರು. "ಅಲ್ಲಿ ಪೈಪೋಟಿ ಇಲ್ಲ" ಎನ್ನುವವರು ಬೆಂಗಳೂರಿನ ಮಕ್ಕಳ ಜತೆ ಒಮ್ಮೆ ನಿಂತು ನೋಡಬೇಕು.

ನಷ್ಟ ಮಾತ್ರ ಖಾತ್ರಿ. ಎನ್‌ಆರ್‌ಎಐ ಪ್ರತಿ ಆಟಗಾರನಿಗೆ ಒಂದು ಶೂಟರ್ ಐಡಿ ಕೊಡುತ್ತದೆ. ಹೆಸರಿನ ಜತೆ ರಾಜ್ಯವೂ ಅದಕ್ಕೆ ಅಂಟುತ್ತದೆ. ಒಂದು ರಾಜ್ಯದ ಹೆಸರಿನಲ್ಲಿ ಆಡಿದವರು ಇನ್ನೊಂದಕ್ಕೆ ಹೋಗಬೇಕಾದರೆ ಹಳೇ ಸಂಘದ ಎನ್‌ಒಸಿ ಬೇಕು. ಈ ಕಡೆ ಶಾಲೆಯ ಬೋನಾಫೈಡ್, ಆಧಾರ್, ಅಪ್ಪನ ರಹಿವಾಸಿ ದಾಖಲಾ ಎಲ್ಲ ಮಹಾರಾಷ್ಟ್ರದ್ದು. ಆ ಕಡೆ ಮಾವನ ಮನೆಯ ಪತ್ತೆ. ಒಂದಲ್ಲ ಒಂದು ದಿನ ಯಾರೋ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಜತ್ತ ಭಾಗದ ಒಂದು ಮನೆಯಲ್ಲಿ ಹೀಗೆ ಆಗಿದೆ. ಬೇರೆ ಆಟ, ಆದರೆ ಕಥೆ ಇದೇ. ಅಲ್ಲಿ ಹುಡುಗನ ಅರ್ಜಿ ಎರಡು ರಾಜ್ಯಗಳ ನಡುವೆ ಸಿಕ್ಕಿ ಪೂರ್ತಿ ಒಂದು ಸೀಸನ್ ಹೋಯಿತು. ಹದಿನಾಲ್ಕರ ಹುಡುಗನಿಗೆ ಒಂದು ವರ್ಷ ಅಂದರೆ ಸಣ್ಣ ಮಾತಲ್ಲ, ವಯೋಮಿತಿಯ ಮೆಟ್ಟಿಲೇ ದಾಟಿ ಹೋಗುತ್ತದೆ.

ನೌಕರಿಯ ಮಾತು ತೆಗೆದರೆ ಇನ್ನೂ ಸ್ಪಷ್ಟ. ಮಹಾರಾಷ್ಟ್ರದ ಕ್ರೀಡಾ ಕೋಟಾಕ್ಕೆ ಮಹಾರಾಷ್ಟ್ರದ ಡೊಮಿಸಾಯಿಲ್ ಬೇಕು, ಅದಕ್ಕೆ 15 ವರ್ಷದ ವಾಸದ ಪುರಾವೆ ಬೇಕು. ಅಕ್ಕಲಕೋಟ, ಜತ್ತದ ಕನ್ನಡಿಗರ ಬಳಿ ಅದು ಅಜ್ಜನ ಕಾಲದಿಂದ ಇದೆ. ಮಹಾರಾಷ್ಟ್ರದ ಹೆಸರಿನಲ್ಲಿ ಆಡಿದ ಕಾಗದವೂ ಜತೆಗಿದ್ದರೆ ಮಾತು ಸಲೀಸು. ಕೈಯಲ್ಲಿದ್ದ ಹಕ್ಕು ಬಿಟ್ಟು, ಪಕ್ಕದ ರಾಜ್ಯದಲ್ಲಿ ಹೊರಗಿನವರಾಗಿ ನಿಲ್ಲುವುದು ಯಾವ ಜಾಣತನ?

ಆದರೂ ಕನ್ನಡ ಅಭಿಮಾನದ ಮಾತು ಉಳಿಯಿತಲ್ಲ. ಅದನ್ನು ಹಗುರ ಮಾಡಬಾರದು. ಮಹಾಜನ ಆಯೋಗ 1967ರಲ್ಲಿ ಕೊಟ್ಟ ವರದಿಯಲ್ಲಿ ಜತ್ತ, ಅಕ್ಕಲಕೋಟ, ದಕ್ಷಿಣ ಸೋಲಾಪುರದ ಹಳ್ಳಿಗಳು ಕರ್ನಾಟಕಕ್ಕೆ ಸೇರಬೇಕು ಎಂದಿತ್ತು. ಗಡಿ ತಕರಾರು 2004ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಹೀಗಿರುವಾಗ ಮಗಳ ಜಾಕೆಟ್ ಬೆನ್ನಿನ ಮೇಲೆ "ಮಹಾರಾಷ್ಟ್ರ" ಎಂದು ಬರೆದದ್ದು ಕಂಡರೆ ಕೆಲವು ಹಿರಿಯರಿಗೆ ಎದೆಯಲ್ಲಿ ಚುರ್ ಅನ್ನುತ್ತದೆ, ಸಹಜ.

ಅಂಥವರು ಸುಮಾ ಶಿರೂರರನ್ನು ನೆನೆಸಿಕೊಳ್ಳಬೇಕು. ಹುಟ್ಟಿದ್ದು ಕರ್ನಾಟಕದ ಚಿಕ್ಕಬಳ್ಳಾಪುರದಲ್ಲಿ, 1974ರಲ್ಲಿ. ಆಡಿದ್ದು ಮಹಾರಾಷ್ಟ್ರದ ಹೆಸರಿನಲ್ಲಿ. 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್ಪಿನಲ್ಲಿ ಏರ್ ರೈಫಲ್ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಹೊಡೆದು ವಿಶ್ವದಾಖಲೆ ಸರಿಗಟ್ಟಿದರು. ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸ್‌ನ ಫೈನಲ್ಲಿಗೆ ಬಂದರು. ಆಮೇಲೆ ಪನ್ವೇಲ್ ಕಡೆ ಲಕ್ಷ್ಯ ಶೂಟಿಂಗ್ ಕ್ಲಬ್ ಕಟ್ಟಿದರು. ಟೋಕಿಯೋ ಮತ್ತು ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ರಾಜಸ್ಥಾನದ ಅವನಿ ಲೇಖರಾಗೆ ಕೋಚ್ ಆಗಿ ನಿಂತವರು ಇವರೇ. ಕನ್ನಡ ನೆಲದಲ್ಲಿ ಹುಟ್ಟಿ, ಮಹಾರಾಷ್ಟ್ರಕ್ಕೆ ಆಡಿ, ರಾಜಸ್ಥಾನದ ಹುಡುಗಿಗೆ ಕಲಿಸಿದರು. ಚಿಕ್ಕಬಳ್ಳಾಪುರದವರು ಇದಕ್ಕಾಗಿ ಅವರನ್ನು ಪರಕೀಯರು ಎಂದದ್ದು ಕೇಳಿಲ್ಲ.

ಈ ಭಾಗಕ್ಕೆ ಕೊಲ್ಲಾಪುರ ಹತ್ತಿರ ಎಂಬುದನ್ನೂ ಮರೆಯಬಾರದು. 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ರೈಫಲ್ ಪ್ರೋನ್‌ನಲ್ಲಿ ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ ಕೊಲ್ಲಾಪುರದವರು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ 25 ಮೀಟರ್ ಪಿಸ್ತೂಲಿನ ಚಿನ್ನ ಗೆದ್ದ ರಾಹಿ ಸರನೋಬತ ಅವರೂ ಅಲ್ಲಿಯವರೇ. ಸ್ವಪ್ನಿಲ್ ಮೂರನೆಯವನು. ಒಂದೇ ಜಿಲ್ಲೆ. ಇಂಥ ಕಡೆ ತಿಳಿದವರು, ಕಲಿಸುವವರು ಇರುತ್ತಾರೆ, ಹಳೇ ಜಾಕೆಟ್ ಕಡಿಮೆ ರೊಕ್ಕಕ್ಕೆ ಕೊಡುವವರೂ ಸಿಗುತ್ತಾರೆ. ಪುಣೆಯ ಬಾಲೇವಾಡಿಯಲ್ಲಿ ಸರಕಾರದ ದೊಡ್ಡ ರೇಂಜ್ ಇದೆ, ಸೋಲಾಪುರದಿಂದ 250 ಕಿ.ಮೀ. ಹತ್ತಿರ ಅಂತಲ್ಲ, ಆದರೆ ರಾತ್ರಿ ಎಸ್‌ಟಿ ಹಿಡಿದರೆ ಬೆಳಗ್ಗೆ ಮುಟ್ಟಬಹುದು. ಬೆಂಗಳೂರು ಅದರ ಎರಡು ಪಟ್ಟಿಗಿಂತ ದೂರ.

ಆಡುವುದು ಒಂದು ಕಡೆ, ಕಲಿಯುವುದು ಎಲ್ಲಾದರೂ

ಇಲ್ಲಿ ಬಹಳ ಮಂದಿ ಎರಡು ಬೇರೆ ವಿಷಯಗಳನ್ನು ಕೂಡಿಸಿ ಗೊಂದಲ ಮಾಡಿಕೊಳ್ಳುತ್ತಾರೆ. ಯಾವ ರಾಜ್ಯದ ಹೆಸರಿನಲ್ಲಿ ಆಡುವುದು ಎಂಬುದು ಒಂದು, ಎಲ್ಲಿ ಹೋಗಿ ಕಲಿಯುವುದು ಎಂಬುದು ಇನ್ನೊಂದು. ಹೆಸರು ಒಂದೇ ಕಡೆ ಇರಬೇಕು. ಕಲಿಕೆಗೆ ಆ ಕಟ್ಟು ಇಲ್ಲ. ಸೋದರಮಾವನ ಪ್ರೀತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ದೀಪಾವಳಿ ಸೂಟಿಯಲ್ಲಿ, ಬೇಸಿಗೆ ಸೂಟಿಯಲ್ಲಿ ವಿಜಯಪುರ, ಹುಬ್ಬಳ್ಳಿ, ಬೆಳಗಾವಿ ಕಡೆ ಒಳ್ಳೆ ಕೋಚ್ ಸಿಕ್ಕರೆ ಅಲ್ಲಿಗೆ ಕಳಿಸಲಿ, ಮಾವನ ಮನೆಯಲ್ಲಿ ಉಳಿಯಲಿ. ಕನ್ನಡದಲ್ಲಿ ಹೇಳಿಕೊಡುವ ಕೋಚ್ ಸಿಕ್ಕರೆ ಕನ್ನಡ ಶಾಲೆಯ ಹುಡುಗಿಗೆ ಬೇಗ ತಿಳಿಯುತ್ತದೆ. ಉಸಿರು ಯಾವಾಗ ಹಿಡಿಯಬೇಕು, ಟ್ರಿಗರ್ ಮೇಲೆ ಬೆರಳು ಹೇಗೆ ಒತ್ತಬೇಕು ಇದೆಲ್ಲ ಪರಭಾಷೆಯಲ್ಲಿ ಅರ್ಧಂಬರ್ಧ ಕೇಳಿ ಕಲಿಯುವ ವಿದ್ಯೆಯಲ್ಲ.

ಬೇರೆ ಗಡಿಗಳಲ್ಲಿ ಈ ಲೆಕ್ಕ ಇನ್ನೂ ಚೆನ್ನಾಗಿ ಕೂಡುತ್ತದೆ. ಹೊಸೂರಿನ ಕನ್ನಡ ಮನೆಗೆ ಬೆಂಗಳೂರು 40 ಕಿ.ಮೀ., ಚೆನ್ನೈ ಏಳೆಂಟು ಪಟ್ಟು ದೂರ. ಕಾಸರಗೋಡಿನವರಿಗೆ ಮಂಗಳೂರು 50 ಕಿ.ಮೀ. ಆಚೆ. ಹೊಸೂರಿನ ಹುಡುಗ ದಿನಾ ಬೆಂಗಳೂರಿನ ರೇಂಜಿನಲ್ಲಿ ಅಭ್ಯಾಸ ಮಾಡಿ ತಮಿಳುನಾಡಿನ ಹೆಸರಿನಲ್ಲಿ ಹೊಡೆಯಬಹುದು. ಶಾಲೆ, ಮನೆ, ಕಾಗದ ಎಲ್ಲಿವೆಯೋ ಅಲ್ಲಿ ಹೆಸರು. ಹಾಗೆಯೇ ವಿಜಯಪುರ, ಧಾರವಾಡದ ಹಾಸ್ಟೆಲಿನಲ್ಲಿದ್ದು ಅಲ್ಲೇ ಕಲಿಯುತ್ತಿರುವ ಗಡಿಯಾಚೆಯ ಮಕ್ಕಳು ಕರ್ನಾಟಕದ ಸಂಘ ಕೇಳಿದರೆ ತಪ್ಪಲ್ಲ, ಅವರ ವಾಸವೇ ಅಲ್ಲಿದೆ. ಆದರೆ ಹತ್ತನೆಯ ಇಯತ್ತೆ ಮುಗಿಸಿ ಮತ್ತೆ ಸೋಲಾಪುರಕ್ಕೆ ಬರುವ ಮನಸ್ಸಿದ್ದರೆ ಮೊದಲೇ ಎರಡು ಸಲ ವಿಚಾರ ಮಾಡಲಿ. ಅಂಗವಿಕಲ ಮಕ್ಕಳ ದಾರಿ ಮಾತ್ರ ಬೇರೆ. ಪ್ಯಾರಾಲಿಂಪಿಕ್ ಕಮಿಟಿ ಆಫ್ ಇಂಡಿಯಾ ಅದನ್ನು ನೋಡುತ್ತದೆ. ಹುಬ್ಬಳ್ಳಿಯ ಶ್ರೀಹರ್ಷ ದೇವರೆಡ್ಡಿ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೆ ಹೋದದ್ದು ಆ ದಾರಿಯಿಂದ.

ವಲಯದ ಮಾತೂ ಒಂದು ಇದೆ. ಮಹಾರಾಷ್ಟ್ರದವರು ಪಶ್ಚಿಮ ವಲಯದಲ್ಲಿ, ಕರ್ನಾಟಕ, ತಮಿಳುನಾಡು, ಕೇರಳ, ಆಂಧ್ರ, ತೆಲಂಗಾಣದವರು ದಕ್ಷಿಣ ವಲಯದಲ್ಲಿ ಹೊಡೆಯುತ್ತಾರೆ. ಎಲ್ಲಿ ಹೋಗಿ ಆಡಬೇಕು, ಎಷ್ಟು ಪ್ರಯಾಣ, ಎಷ್ಟು ಖರ್ಚು ಎಂಬುದು ಇದರಿಂದ ಬದಲಾಗುತ್ತದೆ. ಹೆಸರು ಹಾಕುವ ಮುಂಚೆ ಕೇಳಿಕೊಳ್ಳಬೇಕು.

ಬಂದೂಕು ಅಂದ ಕೂಡಲೇ ಲೈಸೆನ್ಸ್, ಪೊಲೀಸ್ ಎಂದು ಹೆದರುವ ಪಾಲಕರಿಗೆ ಒಂದು ಸಮಾಧಾನ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ 4.5 ಮಿ.ಮೀ. ಒಳಗಿನ, 20 ಜೂಲ್ ಮೀರದ ಏರ್ ಗನ್ನಿಗೆ ಲೈಸೆನ್ಸ್ ಬೇಡ. ಸ್ಪರ್ಧೆಯ ಏರ್ ರೈಫಲ್, ಏರ್ ಪಿಸ್ತೂಲು ಇದರೊಳಗೇ ಬರುತ್ತವೆ. ಗುಂಡಿನ ಬಂದೂಕು, ಅಂದರೆ ಪಾಯಿಂಟ್ ಟೂಟೂ, ಬಂದಾಗ ಕಾಯ್ದೆ ಬಿಗಿ. 21 ವರ್ಷ ತುಂಬದವರಿಗೆ ಸ್ವಂತ ಲೈಸೆನ್ಸ್ ಇಲ್ಲ, ಸಂಘದ ಕಣ್ಣೆದುರು ಅಭ್ಯಾಸ ಮಾಡಬೇಕು. ಹಾಗಾಗಿ ಸುರುವಾತ ಏರ್ ರೈಫಲ್ ಅಥವಾ ಏರ್ ಪಿಸ್ತೂಲಿನಿಂದಲೇ. ಎರಡರಲ್ಲಿ ಪಿಸ್ತೂಲು ಖರ್ಚಿಗೆ ಹಗುರ, ಏಕೆಂದರೆ ರೈಫಲಿಗೆ ಬೇಕಾಗುವ ದಪ್ಪ ಜಾಕೆಟ್, ಪ್ಯಾಂಟ್ ಅದಕ್ಕೆ ಬೇಡ. ಸ್ಪರ್ಧೆಯ ಮಟ್ಟದ ವಿದೇಶಿ ರೈಫಲ್ ಲಕ್ಷಗಳ ಲೆಕ್ಕ. ಮೊದಲ ವರ್ಷವೇ ಸಾಲ ಮಾಡಿ ತರುವುದು ಬೇಡ, ಕ್ಲಬ್ಬಿನ ಬಂದೂಕಿನಲ್ಲಿ ಹೊಡೆದು ನೋಡಲಿ. ಹುಡುಗಿಗೆ ಆರು ತಿಂಗಳಲ್ಲಿ ಬೇಸರ ಬಂದರೆ? ಬರಬಹುದು. ಈ ಆಟದಲ್ಲಿ ಓಡಾಟವಿಲ್ಲ, ಚಪ್ಪಾಳೆ ಕಡಿಮೆ, ಒಂದು ಗಂಟೆಗೂ ಮಿಕ್ಕಿ ಅಲುಗಾಡದೆ ನಿಂತಿರಬೇಕು.

ಇನ್ನು ಕೇಳಬೇಕಾದವರನ್ನು ಕೇಳುವ ಸರದಿ. ಮಹಾರಾಷ್ಟ್ರದ ಜಿಲ್ಲಾ ಕ್ರೀಡಾ ಕಚೇರಿಯಿಂದ ಶಾಲಾ ಸ್ಪರ್ಧೆಗಳ ಪರಿಪತ್ರಕ ಬರುವುದು ಮರಾಠಿಯಲ್ಲಿ. ಕನ್ನಡ ಶಾಲೆಗಳ ಗುರುಗಳಿಗೆ ಮರಾಠಿ ಬರುತ್ತದೆ, ಅದು ತಕರಾರಲ್ಲ. ಆದರೆ ಕಾಗದ ಶಿಕ್ಷಕರ ಕೋಣೆಯ ಕಪಾಟಿನಲ್ಲಿ ಉಳಿಯುತ್ತದೆ, ಕನ್ನಡ ಮಾತ್ರ ಓದುವ ಅವ್ವ ಅಪ್ಪನ ತನಕ ಮುಟ್ಟುವುದಿಲ್ಲ. ಶಾಲಾ ಸ್ಪರ್ಧೆಗಳಲ್ಲಿ ಕಬಡ್ಡಿ, ಖೋಖೋ ಅಲ್ಲದೆ ರೈಫಲ್ ಶೂಟಿಂಗೂ ಇದೆ ಎಂಬುದೇ ಎಷ್ಟೋ ಮನೆಗೆ ಗೊತ್ತಿಲ್ಲ. ಗಡಿ ತಾಲೂಕಿನ ಶಾಲೆಗಳಿಗಾದರೂ ನಾಕು ಸಾಲು ಕನ್ನಡದಲ್ಲಿ ಬರೆದು ಕಳಿಸಿದರೆ ಕ್ರೀಡಾ ಕಚೇರಿಯ ಗಂಟೇನು ಹೋಗುತ್ತದೆ?

ಈ ಕಡೆ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಇದೆ. ಗಡಿಯಾಚೆಯ ಕನ್ನಡ ಶಾಲೆ, ಸಂಘಗಳಿಗೆ ಅದು ಅನುದಾನ ಕೊಡುತ್ತದೆ, ಅದಕ್ಕೆ ಗಡಿ ಮಂದಿ ಋಣಿ. ಆದರೆ ಎಷ್ಟು ಸಮ್ಮೇಳನ, ಎಷ್ಟು ಶಾಲು, ಎಷ್ಟು ನೆನಪಿನ ಕಾಣಿಕೆ? ಏರ್ ರೈಫಲ್ ರೇಂಜಿಗೆ ದೊಡ್ಡ ಮೈದಾನ ಬೇಡ. ಗುರಿಗೆ 10 ಮೀಟರ್, ನಿಲ್ಲುವವರಿಗೆ ಒಂದಿಷ್ಟು ಜಾಗ, ಗಟ್ಟಿ ಗೋಡೆ, ಒಳ್ಳೆ ಬೆಳಕು. ಅನುದಾನದಿಂದ ಕಟ್ಟಿದ ಕನ್ನಡ ಭವನಗಳು ವರ್ಷದಲ್ಲಿ ಎಷ್ಟು ದಿನ ತೆರೆದಿರುತ್ತವೆ ಎಂದು ಊರವರಿಗೇ ಗೊತ್ತು. ಅಂಥ ಒಂದು ಭವನದಲ್ಲಿ, ಜಿಲ್ಲಾ ಸಂಘದ ಒಪ್ಪಿಗೆ ಪಡೆದು, ನಾಲ್ಕು ಗುರಿ, ನಾಲ್ಕು ಬಂದೂಕು, ವಾರಕ್ಕೆ ಎರಡು ಸಲ ಬರುವ ಒಬ್ಬ ಕೋಚ್ ಇಟ್ಟರೆ ಕನ್ನಡ ಮಕ್ಕಳಿಗೆ ಕನ್ನಡದಲ್ಲೇ ಕಲಿಕೆ ಆಗುತ್ತದೆ. ಅಲ್ಲಿ ಕಲಿತ ಹುಡುಗಿ ಮಹಾರಾಷ್ಟ್ರಕ್ಕೆ ಆಡಿದರೆ ಬೆಂಗಳೂರಿನ ರೊಕ್ಕ ವ್ಯರ್ಥವಾಯಿತು ಎನ್ನುವ ಅಧಿಕಾರಿ ಸಿಕ್ಕರೆ ಅವರಿಗೂ ಚಿಕ್ಕಬಳ್ಳಾಪುರದ ಹೆಸರು ಹೇಳಬೇಕು.

ಮುಂದೆ ಹೋದಷ್ಟು ರಾಜ್ಯದ ಗೆರೆ ತಾನಾಗೇ ಮಾಸುತ್ತದೆ ಎಂಬುದನ್ನೂ ಹಿರಿಯರು ತಿಳಿಯಲಿ. ರೈಲ್ವೆ, ಸೈನ್ಯ, ದೊಡ್ಡ ಕಂಪನಿಗಳಲ್ಲಿ ನೌಕರಿ ಸಿಕ್ಕ ಆಟಗಾರರು ಆ ಸಂಸ್ಥೆಯ ಹೆಸರಿನಲ್ಲೇ ರಾಷ್ಟ್ರೀಯ ಸ್ಪರ್ಧೆಯಲ್ಲಿ ನಿಲ್ಲುತ್ತಾರೆ. ಸ್ವಪ್ನಿಲ್ ಸೆಂಟ್ರಲ್ ರೈಲ್ವೆಯ ನೌಕರ. ಅಂದರೆ ರಾಜ್ಯದ ಹೆಸರು ಹೆಚ್ಚು ಕೆಲಸಕ್ಕೆ ಬರುವುದು ಮೊದಲ ಐದಾರು ವರ್ಷ, ಶಾಲೆ ಕಾಲೇಜಿನ ಕಾಲದಲ್ಲಿ. ಕಾಗದ ಸ್ವಚ್ಛ ಇರಬೇಕಾದದ್ದೂ ಆಗಲೇ.

ಅಕ್ಕಲಕೋಟದ ಕಿರಾಣಿ ಅಂಗಡಿಯ ಅಪ್ಪ ಕೊನೆಗೆ ಕಾಕಾನ ಮಾತು ಹಿಡಿದರು. ಮಗಳ ಹೆಸರು ಮಹಾರಾಷ್ಟ್ರದ ಕಡೆಯಿಂದ, ಬೇಸಿಗೆ ಸೂಟಿ ಮಾವನ ಊರಿನಲ್ಲಿ. ಮಾವ ನಾಕು ದಿನ ಫೋನ್ ಮಾಡಲಿಲ್ಲವಂತೆ, ಐದನೆಯ ದಿನ ತಾವೇ ವಿಜಯಪುರದಲ್ಲಿ ಕೋಚ್ ಯಾರಿದ್ದಾರೆ ಎಂದು ವಿಚಾರಿಸಿ ತಿಳಿಸಿದರು. ಶಾಲೆ ಸುರುವಾದ ಕೂಡಲೇ, ಜೂನ್ ಜುಲೈ ಹೊತ್ತಿಗೆ, ಸ್ಪರ್ಧೆಗಳ ನೋಂದಣಿಯ ಗಡಿಬಿಡಿ ಬರುತ್ತದೆ. ಆಧಾರ್, ಜನ್ಮ ದಾಖಲಾ, ಶಾಲೆಯ ಬೋನಾಫೈಡ್, ನಾಕು ಫೋಟೋ ಈಗಲೇ ತೆಗೆದಿಡಬೇಕು. ಮೂರು ಕಾಗದದಲ್ಲೂ ಹೆಸರಿನ ಅಕ್ಷರ ಒಂದೇ ಥರ ಇವೆಯೋ ಇಲ್ಲವೋ ನೋಡಿಕೊಳ್ಳಬೇಕು. ಕನ್ನಡ ಹೆಸರನ್ನು ಮರಾಠಿಯಲ್ಲೊಮ್ಮೆ ಇಂಗ್ಲಿಷಿನಲ್ಲೊಮ್ಮೆ ಬರೆಯುವಾಗ ಎಲ್ಲೋ ಒಂದು ಕಡೆ ಅಕ್ಷರ ತಪ್ಪಿಯೇ ಇರುತ್ತದೆ.